ಚಾಮರಾಜೇಂದ್ರ ಒಡೆಯರು ಮತ್ತು ಮೃಗಾಲಯದ ನೆನಪು

ಧಾರವಾಡದ ಸಪ್ತಾಪುರದಲ್ಲಿ ಹಿರಿಯರು ಶಾಲೆಯ ಪ್ರವಾಸದ ಮಾತು ತೆಗೆದರೆ ಮೈಸೂರಿನ ಮೃಗಾಲಯದ ಪ್ರಸ್ತಾಪ ಬಾರದೆ ಇರದು. ಅರಮನೆಯ ಕಂಬಗಳನ್ನು ಮರೆತವರಿಗೂ ಜಿರಾಫೆಯ ಕೊರಳು ನೆನಪಿದೆ. ಆದರೆ ಆ ಮೃಗಾಲಯವು ಯಾರ ಹೆಸರನ್ನು ಹೊತ್ತಿದೆಯೋ ಆ ಅರಸರ ಬಾಳನ್ನು ಬಲ್ಲವರು ವಿರಳ.

ಹತ್ತನೆಯ ಚಾಮರಾಜೇಂದ್ರ ಒಡೆಯರು ಜನಿಸಿದುದು 1863ರಲ್ಲಿ. ಮುಮ್ಮಡಿ ಕೃಷ್ಣರಾಜರು ಅವರನ್ನು ದತ್ತು ಸ್ವೀಕರಿಸಿದರು. 1868ರಲ್ಲಿ ಪಟ್ಟವೇರಿದಾಗ ಅವರಿನ್ನೂ ಬಾಲಕರು. ರಾಜ್ಯವಾದರೋ 1831ರಿಂದಲೇ ಆಂಗ್ಲ ಕಮಿಷನರರ ಕೈಯಲ್ಲಿದ್ದಿತು. 1876ರಿಂದ 1878ರವರೆಗೆ ನಾಡನ್ನು ಭೀಕರ ಕ್ಷಾಮ ಹಿಂಡಿತು. ಆ ಗಾಯ ಹಸಿಯಾಗಿದ್ದಾಗಲೇ, 1881ರ ಮಾರ್ಚ್ 25ರಂದು, ಹದಿನೆಂಟರ ತರುಣರಿಗೆ ರಾಜ್ಯಾಧಿಕಾರ ಮರಳಿತು. ಅದೇ ವರ್ಷ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಮುಂದೆ ಶೇಷಾದ್ರಿ ಅಯ್ಯರರು ದಿವಾನರಾದರು.

ಅರಸರಿಗೆ ಸಾಹಿತ್ಯ, ಸಂಗೀತ, ನಾಟಕಗಳಲ್ಲಿ ಅಪಾರ ಅಭಿರುಚಿ. ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದ ಬಸವಪ್ಪ ಶಾಸ್ತ್ರಿಗಳು ಅವರ ಆಸ್ಥಾನದವರು. 1891ರಲ್ಲಿ ಓಲೆಗರಿಗಳ ರಕ್ಷಣೆಗಾಗಿ ಮೈಸೂರಿನಲ್ಲಿ ಪ್ರಾಚ್ಯ ಪುಸ್ತಕಾಲಯ ಸ್ಥಾಪಿತವಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದುದು ಅದಕ್ಕೆ ಒಂದೇ ವರ್ಷ ಮೊದಲು. ಎರಡು ಆಳ್ವಿಕೆಗಳಲ್ಲಿ ಹಂಚಿಹೋದ ಕನ್ನಡಿಗರು ಏಕಕಾಲಕ್ಕೆ ಕಣ್ತೆರೆಯುತ್ತಿದ್ದರೆಂಬುದು ಗಮನಿಸತಕ್ಕ ಸಂಗತಿ.

ಮೃಗಾಲಯ ತಲೆಯೆತ್ತಿದುದು 1892ರಲ್ಲಿ, ಸುಮಾರು ಹತ್ತು ಎಕರೆ ನೆಲದಲ್ಲಿ. ಮೊದಲಿಗೆ ಅದು ಅರಮನೆಯ ಮೃಗಾಲಯ. ಮೇಲ್ವಿಚಾರಕರಾಗಿ ಬಂದ ಎ. ಸಿ. ಹ್ಯೂಸ್ ಎಂಬವರು ಮೂವತ್ತೆರಡು ವರ್ಷ ಅಲ್ಲಿಯೇ ದುಡಿದರು. ತೋಟ ಬೆಳೆಯುವುದನ್ನು ಕಾಣುವ ಭಾಗ್ಯ ಅರಸರಿಗಿರಲಿಲ್ಲ. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದಾಗ ಗಂಟಲಮಾರಿ ತಗಲಿ ಅವರು ತೀರಿಕೊಂಡರು. ವಯಸ್ಸು ಮೂವತ್ತೊಂದು. ಹತ್ತು ವರ್ಷದ ಮಗ ನಾಲ್ವಡಿ ಕೃಷ್ಣರಾಜರ ಪರವಾಗಿ ರಾಣಿ ಕೆಂಪನಂಜಮ್ಮಣ್ಣಿಯವರು ರಾಜ್ಯಭಾರ ನಡೆಸಿದರು. 1909ರಲ್ಲಿ ಮೃಗಾಲಯಕ್ಕೆ ದಿವಂಗತ ಅರಸರ ಹೆಸರನ್ನಿಟ್ಟರು.

ಅರಸರ ಪಟ್ಟಾಭಿಷೇಕದ ದಿನ, ಮೇಲ್ವಿಚಾರಕರ ಸೇವೆಯ ವರ್ಷ ಇವೆಲ್ಲ ಕಾಗದದಲ್ಲಿ ಉಳಿದಿವೆ. ಆನೆಗೆ ಹುಲ್ಲು ಹೊತ್ತವರ, ಹುಲಿಯ ಪಂಜರ ಗುಡಿಸಿದವರ, ಮರಿ ಸತ್ತ ರಾತ್ರಿ ಎಚ್ಚರವಿದ್ದವರ ಚರಿತ್ರೆಯಾದರೋ ಅವರ ಮನೆಮಂದಿಯ ಬಾಯಲ್ಲಿಯೇ ಇರತಕ್ಕದ್ದು. ಹಾಡನ್ನೂ ಗಾದೆಯನ್ನೂ ಹಳ್ಳಿಹಳ್ಳಿಗೆ ಹೋಗಿ ಬರೆದುಕೊಂಡ ನಾವು ಈ ಮಾತುಗಳಿಗೆ ಕಿವಿಗೊಟ್ಟಿದ್ದೇವೆಯೇ? ಶ್ರಮಕ್ಕೆ ಅಂಜಿ ಬಿಟ್ಟೆವೆನ್ನಲಾರೆ. ಇದನ್ನು ಚರಿತ್ರೆಯೆಂದೇ ಎಣಿಸಲಿಲ್ಲವೆಂದು ತೋರುತ್ತದೆ.

ನೋಡಲು ಹೋದವರ ನೆನಪೂ ಇದಕ್ಕೆ ಸೇರಬೇಕು. ಮೈಸೂರಿನಲ್ಲಿ ಬಹುಕಾಲ ಒಂಟಿಯಾಗಿ ಬದುಕಿ 2014ರಲ್ಲಿ ಸತ್ತ ಪೋಲೋ ಎಂಬ ಗೊರಿಲ್ಲಾವನ್ನು ಕಂಡ ಮಕ್ಕಳು ಇಂದು ತರುಣರಾಗಿದ್ದಾರೆ. ಅವರ ಅಜ್ಜಂದಿರು ಕಂಡ ಪ್ರಾಣಿಗಳು ಬೇರೆ. ಕಂಬಿಯ ಈಚೆ ನಿಂತು ಉಸಿರು ಬಿಗಿಹಿಡಿದ ಬಗೆ ಒಂದೇ. ಸಪ್ತಾಪುರದ ಉಪಾಧ್ಯಾಯರು ಈ ರಜೆಯಲ್ಲಿ ಮಕ್ಕಳ ಕೈಗೆ ಒಂದೊಂದು ವಹಿ ಕೊಟ್ಟು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಹೇಳಲಿ. ಮೊದಲ ಪುಟದಲ್ಲಿ ಜಿರಾಫೆಯೇ ಬಂದರೂ ಬರಲಿ.