ಡಾ. ದ್ವಾರಕಾನಾಥ ಕೋಟ್ನೀಸ್: ರೋಗಿಯ ಭಾಷೆಯನ್ನು ಕಲಿತ ವೈದ್ಯ

ಮರಾಠಿ, ಕನ್ನಡ, ತೆಲುಗುಗಳು ಕೂಡಿ ಬಾಳುವ ಸೊಲ್ಲಾಪುರದಲ್ಲಿ ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು 1910ರ ಅಕ್ಟೋಬರ್ 10ರಂದು ಜನಿಸಿದರು. ಮುಂಬಯಿಯಲ್ಲಿ ವೈದ್ಯಶಿಕ್ಷಣ ಮುಗಿಸಿದ ಅವರು, ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನಾಕ್ಕೆ 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರಲ್ಲಿ ಒಬ್ಬರು.

ಚೀನೀ ಭಾಷೆಯ ಜಾಡೇ ಬೇರೆ. ನಾವು ಕಂಠಪಾಠ ಮಾಡುವ ವಿಭಕ್ತಿ ಪ್ರತ್ಯಯಗಳು ಅಲ್ಲಿಲ್ಲ. ವಾಕ್ಯದಲ್ಲಿ ಪದವಿರುವ ಸ್ಥಾನವೇ ಕರ್ತೃ-ಕರ್ಮಗಳನ್ನು ತೋರಿಸುತ್ತದೆ. 'ಮಾ' ಎಂಬ ಒಂದೇ ಉಚ್ಚಾರವು ಧ್ವನಿಯ ಏರಿಳಿತಕ್ಕೆ ತಕ್ಕಂತೆ ತಾಯಿಯೂ ಆಗುತ್ತದೆ, ಕುದುರೆಯೂ ಆಗುತ್ತದೆ. ಗಾಯಾಳುವಿನ ನೋವು ಎಲ್ಲಿದೆಯೆಂದು ಅವನ ನುಡಿಯಲ್ಲಿಯೇ ಕೇಳಿ ತಿಳಿಯಬೇಕಾದ ವೈದ್ಯನಿಗೆ ಇದು ಪರೀಕ್ಷೆಯ ವಿಷಯವಾಗಿರಲಿಲ್ಲ, ಪ್ರಾಣದ ವಿಷಯವಾಗಿತ್ತು. ಸೈನಿಕರ, ದಾದಿಯರ, ಹಳ್ಳಿಗರ ನಡುವೆ ಬದುಕುತ್ತ ಕೋಟ್ನೀಸರು ಆ ಭಾಷೆಯನ್ನು ಆಡಲು ಮಾತ್ರವಲ್ಲ, ಓದಲು ಬರೆಯಲು ಸಹ ಕಲಿತರು. ಶಸ್ತ್ರಚಿಕಿತ್ಸೆಯನ್ನು ಅದರಲ್ಲಿಯೇ ಬೋಧಿಸಿದರು.

1941ರಲ್ಲಿ ಅವರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಅದೇ ವರ್ಷ ದಾದಿ ಗುವೊ ಚಿಂಗ್‌ಲಾನ್ ಅವರನ್ನು ವಿವಾಹವಾದರು. ಮಗನ ಹೆಸರು ಯಿನ್‌ಹುವಾ: 'ಯಿನ್' ಎಂದರೆ ಭಾರತ, 'ಹುವಾ' ಎಂದರೆ ಚೀನಾ. ಎರಡು ನಾಡುಗಳ ನಡುವಣ ದ್ವಂದ್ವಸಮಾಸವೊಂದು ಹೀಗೆ ಮನೆಯ ಕೂಸಿನ ಹೆಸರಾಯಿತು. 1942ರ ಡಿಸೆಂಬರ್ 9ರಂದು, ಮಗನಿಗೆ ಕೆಲವೇ ತಿಂಗಳು ತುಂಬಿದ್ದಾಗ, ಅಪಸ್ಮಾರದಿಂದ ಕೋಟ್ನೀಸರು ತೀರಿಕೊಂಡರು. ಆಗ ಅವರಿಗೆ 32 ವರ್ಷ. ಬರೆಯುತ್ತಿದ್ದ ಶಸ್ತ್ರಚಿಕಿತ್ಸೆಯ ಪಠ್ಯವೊಂದು ಅಪೂರ್ಣವಾಗಿಯೇ ಉಳಿಯಿತು.

ಅಕ್ಕಲಕೋಟ ರಸ್ತೆ ಎಂಐಡಿಸಿಯ ಮಗ್ಗಗಳ ಸದ್ದಿನ ನಡುವೆ ಇಂದಿಗೂ ಹಲವು ಭಾಷೆಗಳು ಕೇಳಿಬರುತ್ತವೆ. ಕನ್ನಡವನ್ನು ಐಚ್ಛಿಕವಾಗಿ ಓದುವ ನಮ್ಮ ವಿದ್ಯಾರ್ಥಿಗಳಿಗೆ ಆ ರಸ್ತೆಯೂ ಒಂದು ತರಗತಿಯೇ. ಭಾಷೆಯು ಪುಸ್ತಕದಲ್ಲಿ ಆರಂಭವಾಗಬಹುದು. ಅದು ನಮ್ಮದಾಗುವುದು ಇನ್ನೊಬ್ಬರ ಸುಖದುಃಖಗಳಿಗೆ ಕಿವಿಗೊಟ್ಟಾಗಲೇ.