ಟವರ್ ಇಲ್ಲದ ಕಾಲದ ಪೈಲಟ್: ಜೆ.ಆರ್.ಡಿ. ಟಾಟಾ

ನಾವು ನಾಲ್ಕು ಜನ ಸೇರಿ ಬರೆದಿರೋ ಲೇಖನ ಇದು. ನಮ್ಮಲ್ಲಿ ಒಬ್ಬ ಹಾಸನದವನು, ಒಬ್ಬಳು ಹೊಳೆನರಸೀಪುರದವಳು, ಒಬ್ಬ ಅರಕಲಗೂಡು, ಇನ್ನೊಬ್ಬ ಚನ್ನರಾಯಪಟ್ಟಣ. ನಾಲ್ವರೂ ಸೆಕೆಂಡ್ ಇಯರ್, ನಾಲ್ವರೂ ಇಂಗ್ಲಿಷ್ ಮೀಡಿಯಂ. ಹಾಗಾಗಿ ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಿ, ವಿಷಯ ಮಾತ್ರ ಓದಿ.

ನಮ್ಮ ಊರಿನ ಕಡೆ ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ನಾವು ಹುಟ್ಟೋಕೆ ಮುಂಚಿನಿಂದಲೂ ಇದೆ. ಮನೆಯಲ್ಲಿ ಅಜ್ಜಂದಿರೂ ಅದರ ಬಗ್ಗೆ ಮಾತಾಡ್ತಾರೆ, ಬಸ್ಸಲ್ಲಿ ನಾವೂ ಮಾತಾಡ್ತೀವಿ. ಒಂದು ದಿನ ಹಾಗೇ ಮಾತಾಡುವಾಗ ಒಂದು ಪ್ರಶ್ನೆ ಬಂತು. ಸಣ್ಣ ಊರಿನ ನಿಲ್ದಾಣದಲ್ಲಿ ಕಂಟ್ರೋಲ್ ಟವರ್ ಇಲ್ಲದಿದ್ದರೆ ಪೈಲಟ್ ಹೇಗೆ ಇಳಿಸ್ತಾನೆ? ಇಳಿ, ಇಳಿಯಬೇಡ ಅಂತ ಹೇಳೋರು ಯಾರು? ಹುಡುಕ್ತಾ ಹೋದಾಗ ಗೊತ್ತಾಗಿದ್ದು ಏನಂದ್ರೆ, ಟವರ್ ಇಲ್ಲದಿರೋದು ಪ್ರಪಂಚದಲ್ಲಿ ಅಷ್ಟೇನೂ ಅಪರೂಪ ಅಲ್ಲ. ಅಮೆರಿಕದಲ್ಲಿ ಸಾರ್ವಜನಿಕರು ಬಳಸುವ ವಿಮಾನ ನಿಲ್ದಾಣಗಳು ಸುಮಾರು 5,000 ಇವೆ, ಟವರ್ ಇರೋದು ಸುಮಾರು 500ರಲ್ಲಿ ಮಾತ್ರ. ಇನ್ನೊಂದು ವಿಷಯ ಗೊತ್ತಾಗಿದ್ದು, ನಮ್ಮ ದೇಶದ ವಿಮಾನಯಾನ ಶುರುವಾಗಿದ್ದೇ ಟವರ್ ಇಲ್ಲದ ಮೈದಾನಗಳಲ್ಲಿ. ಅದನ್ನ ಶುರು ಮಾಡಿದವರು ಜೆ.ಆರ್.ಡಿ. ಟಾಟಾ. ಮತ್ತು ಆ ಮೊದಲ ಹಾದಿಯಲ್ಲಿ ನಮ್ಮ ಬಳ್ಳಾರಿ ಇತ್ತು!

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಂದೆ ಪಾರ್ಸಿ, ತಾಯಿ ಫ್ರೆಂಚ್. ರಜೆಗೆ ಹೋಗ್ತಿದ್ದ ಹಾರ್ಡೆಲೋ ಅನ್ನೋ ಸಮುದ್ರ ತೀರದ ಊರಿನಲ್ಲಿ ಇವರ ಪಕ್ಕದ ಮನೆಯವರು ಯಾರು ಗೊತ್ತಾ? ಲೂಯಿ ಬ್ಲೇರಿಯೋ, 1909ರಲ್ಲಿ ಮೊದಲ ಬಾರಿಗೆ ಇಂಗ್ಲಿಷ್ ಕಾಲುವೆಯನ್ನ ವಿಮಾನದಲ್ಲಿ ದಾಟಿದವರು. ಅದೇ ತೀರದಲ್ಲಿ 15ನೇ ವಯಸ್ಸಿನಲ್ಲಿ ಹುಡುಗ ಮೊದಲ ಸಲ ವಿಮಾನ ಹತ್ತಿದ. ಅಲ್ಲಿಂದ ಮುಂದೆ ಆ ಹುಚ್ಚು ಬಿಡಲಿಲ್ಲ.

ಆದರೆ ನಮಗೆ ನಾಟಿದ್ದು ಬೇರೆ ವಿಷಯ. ಜೆ.ಆರ್.ಡಿ.ಗೆ ಎಂಜಿನಿಯರಿಂಗ್ ಓದಬೇಕು ಅಂತ ಆಸೆ ಇತ್ತು. ಫ್ರೆಂಚ್ ಸೈನ್ಯದಲ್ಲಿ ಕಡ್ಡಾಯ ಸೇವೆ ಮುಗಿಸಿ, ಕೇಂಬ್ರಿಜ್‌ಗೆ ಹೋಗಿ ಎಂಜಿನಿಯರ್ ಆಗೋದು ಅವರ ಪ್ಲಾನ್. ತಂದೆ ಬೇಡ ಅಂದರು, ಭಾರತಕ್ಕೆ ಬಂದು ಕಂಪನಿ ಸೇರು ಅಂದರು. 1925ರಲ್ಲಿ ಸಂಬಳ ಇಲ್ಲದ ಅಪ್ರೆಂಟಿಸ್ ಆಗಿ ಸೇರಿದರು. ಮಾರನೇ ವರ್ಷ ತಂದೆ ತೀರಿಹೋದರು. ತಾಯಿ ಆಗಲೇ ಇರಲಿಲ್ಲ. ಹಿಂದೆ ತಮ್ಮ ತಂಗಿಯರು, ಮುಂದೆ ಕೆಲಸ. ಡಿಗ್ರಿ ಅಲ್ಲಿಗೆ ಮುಗೀತು. ಮುಂದೆ ದೊಡ್ಡ ದೊಡ್ಡ ವಿದ್ಯಾಸಂಸ್ಥೆ ಕಟ್ಟಿದ ಮನುಷ್ಯನಿಗೆ ತಾನು ಕಾಲೇಜು ಮುಗಿಸಲಿಲ್ಲ ಅನ್ನೋ ಕೊರಗು ಕೊನೆತನಕ ಇತ್ತಂತೆ. ನಾವು ಬೇಡ ಬೇಡ ಅಂತ ಕ್ಲಾಸಿಗೆ ಹೋಗ್ತೀವಿ, ಅವರು ಬೇಕು ಬೇಕು ಅಂದರೂ ಸಿಗಲಿಲ್ಲ. ಇದನ್ನ ಓದಿದ ದಿನ ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಂಬೈನಲ್ಲಿ ಫ್ಲೈಯಿಂಗ್ ಕ್ಲಬ್ ಶುರುವಾಗಿದ್ದೇ ತಡ, ಜೆ.ಆರ್.ಡಿ. ಹೋಗಿ ಸೇರಿದರು. 1929ರ ಫೆಬ್ರವರಿ 10ರಂದು ಸಿಕ್ಕ ಅವರ ಪೈಲಟ್ ಲೈಸೆನ್ಸ್ ಮೇಲೆ ಇದ್ದ ನಂಬರ್ 1. ಭಾರತದಲ್ಲಿ ಕೊಟ್ಟ ಮೊದಲನೇ ಲೈಸೆನ್ಸ್ ಅದು.

1930ರಲ್ಲಿ ಆಗಾ ಖಾನ್ ಒಂದು ಸ್ಪರ್ಧೆ ಇಟ್ಟರು. ಭಾರತ ಇಂಗ್ಲೆಂಡ್ ನಡುವೆ ಒಬ್ಬನೇ ವಿಮಾನ ಹಾರಿಸಿಕೊಂಡು ಹೋಗೋ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನ. ಜೆ.ಆರ್.ಡಿ. ಕರಾಚಿಯಿಂದ ಹೊರಟರು. ಆಸ್ಪಿ ಎಂಜಿನಿಯರ್ ಅನ್ನೋ ಹುಡುಗ, ನಮಗಿಂತ ಚಿಕ್ಕವನು, ಇಂಗ್ಲೆಂಡ್ ಕಡೆಯಿಂದ ಹೊರಟ. ದಾರಿ ಮಧ್ಯೆ ಈಜಿಪ್ಟಿನ ಅಬೂಕಿರ್‌ನಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ. ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು, ಸ್ಪೇರ್ ಇರಲಿಲ್ಲ. ಜೆ.ಆರ್.ಡಿ. ತಮ್ಮ ಸ್ಪೇರ್ ಪ್ಲಗ್ ಕೊಟ್ಟರು. ಆಸ್ಪಿ ಬದಲಿಗೆ ತನ್ನ ಲೈಫ್ ಜಾಕೆಟ್ ಕೊಟ್ಟ. ಕೊನೆಗೆ ಕೆಲವೇ ಗಂಟೆಗಳ ಅಂತರದಲ್ಲಿ ಗೆದ್ದಿದ್ದು ಆಸ್ಪಿ! ಪ್ಲಗ್ ಕೊಡದೆ ಸುಮ್ಮನೆ ಹೋಗಿದ್ದರೆ ಬಹುಮಾನ ಜೆ.ಆರ್.ಡಿ.ಗೇ. ಆದರೆ ಆ ಹುಡುಗನೇ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥ ಆದ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೆವಿಲ್ ವಿನ್ಸೆಂಟ್ ಅಂತ ಒಬ್ಬರಿದ್ದರು, ಬ್ರಿಟನ್ನಿನ ವಾಯುಪಡೆಯಲ್ಲಿ ಕೆಲಸ ಮಾಡಿದ್ದವರು. ಲಂಡನ್‌ನಿಂದ ಕರಾಚಿವರೆಗೆ ಬರೋ ಟಪಾಲನ್ನ ವಿಮಾನದಲ್ಲೇ ಮುಂಬೈ, ಮದ್ರಾಸಿಗೆ ತರಬಹುದು ಅನ್ನೋ ಪ್ಲಾನ್ ಹಿಡಿದು ಬಂದರು. ಆಗಿನ ಅಧ್ಯಕ್ಷ ಸರ್ ದೊರಾಬ್‌ಜಿ ಟಾಟಾಗೆ ಅಷ್ಟು ನಂಬಿಕೆ ಇರಲಿಲ್ಲ. ಕಂಪನಿಯ ಹಿರಿಯರಾದ ಜಾನ್ ಪೀಟರ್ಸನ್ ಹೇಳಿ ಒಪ್ಪಿಸಿದರು. 2 ಲಕ್ಷ ರೂಪಾಯಿ ಬಂಡವಾಳ, ಎರಡು ಪುಸ್ ಮಾತ್ ವಿಮಾನ, ಬೆರಳೆಣಿಕೆಯ ಪೈಲಟ್‌ಗಳು, ಮೆಕ್ಯಾನಿಕ್‌ಗಳು. ಸರ್ಕಾರದಿಂದ ಸಬ್ಸಿಡಿ ಇಲ್ಲ.

1932ರ ಅಕ್ಟೋಬರ್ 15, ಬೆಳಿಗ್ಗೆ 6:35. ಕರಾಚಿಯ ಡ್ರಿಗ್ ರೋಡ್‌ನಿಂದ ಜೆ.ಆರ್.ಡಿ. ಸುಮಾರು 25 ಕೆ.ಜಿ. ಟಪಾಲು ಹಾಕಿಕೊಂಡು ಹೊರಟರು. ಅಹಮದಾಬಾದ್‌ನಲ್ಲಿ ಇಳಿದಾಗ ಪೆಟ್ರೋಲು ಬಂದಿದ್ದು ಎತ್ತಿನಗಾಡಿಯಲ್ಲಿ, ಡಬ್ಬಗಳಲ್ಲಿ. ಮಧ್ಯಾಹ್ನ 1:50ಕ್ಕೆ ಮುಂಬೈನ ಜುಹೂ ಮೈದಾನದಲ್ಲಿ ಇಳಿದರು. ಅಲ್ಲಿಂದ ಟಪಾಲನ್ನ ವಿನ್ಸೆಂಟ್ ತಗೊಂಡರು. ಬಳ್ಳಾರಿಯಲ್ಲಿ ಇಳಿದು, ರಾತ್ರಿ ತಂಗಿ, ಮಾರನೇ ದಿನ ಮದ್ರಾಸ್ ಸೇರಿದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆದರೂ ಊರು ನಮ್ಮದೇ ತಾನೇ. ಟಾಟಾದ ಮೊದಲ ವಿಮಾನ ಟಪಾಲು ಹಾದಿಯ ಒಂದು ಸ್ಟಾಪ್ ಬೆಂಗಳೂರಲ್ಲ, ಮೈಸೂರಲ್ಲ, ಬಳ್ಳಾರಿ!

ಟವರ್ ಹೋಗಲಿ, ಆ ವಿಮಾನದಲ್ಲಿ ರೇಡಿಯೋನೇ ಇರಲಿಲ್ಲ. ಮತ್ತೆ ದಾರಿ ಹೇಗೆ? ನದಿ ನೋಡಬೇಕು, ರೈಲು ಕಂಬಿ ನೋಡಬೇಕು, ಕಂಪಾಸ್, ಗಡಿಯಾರ, ಮ್ಯಾಪ್ ನೋಡಬೇಕು, ಗಾಳಿಯ ಲೆಕ್ಕ ಹಾಕಬೇಕು. ನಾವು ಇದನ್ನ ನಮ್ಮ ಜಿಲ್ಲೆಗೆ ಹಾಕಿ ನೋಡಿದೆವು. ಪುಸ್ ಮಾತ್ ಗಂಟೆಗೆ ಸುಮಾರು 160 ಕಿ.ಮೀ. ವೇಗದ ವಿಮಾನ. ಉತ್ತರದಿಂದ ನೇರ ದಕ್ಷಿಣಕ್ಕೆ, ಹಾಸನ ಇನ್ನೂ ಒಂದು ಗಂಟೆ ದೂರ ಇದೆ ಅನ್ಕೊಳ್ಳಿ. ಪಶ್ಚಿಮದಿಂದ ಗಂಟೆಗೆ 35 ಕಿ.ಮೀ. ಗಾಳಿ ಬೀಸ್ತಿದೆ. ಪೈಲಟ್ ಅದನ್ನ ಲೆಕ್ಕಕ್ಕೆ ತಗೊಳ್ಳದೆ ಮೂತಿಯನ್ನ ದಕ್ಷಿಣಕ್ಕೇ ಇಟ್ಟುಕೊಂಡರೆ, ಒಂದು ಗಂಟೆ ಆದ ಮೇಲೆ ಅವನು ಹಾಸನದ ಮೇಲಿರಲ್ಲ. 35 ಕಿ.ಮೀ. ಪೂರ್ವಕ್ಕೆ, ಹತ್ತಿರ ಹತ್ತಿರ ಚನ್ನರಾಯಪಟ್ಟಣದ ಮೇಲಿರ್ತಾನೆ! ಸರಿಯಾಗಿ ಬರಬೇಕಾದರೆ ಮೂತಿಯನ್ನ ಸುಮಾರು 12, 13 ಡಿಗ್ರಿ ಗಾಳಿ ಬರೋ ಕಡೆ ತಿರುಗಿಸಿ ಹಾರಬೇಕು. ಫಸ್ಟ್ ಸೆಮ್‌ನಲ್ಲಿ ಓದಿದ ಅದೇ ವೆಕ್ಟರ್. ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಮಾರ್ಕ್ಸ್ ಹೋಗುತ್ತೆ, ಅಲ್ಲಿ ತಪ್ಪಿದರೆ ಪೆಟ್ರೋಲ್ ಮುಗಿಯುತ್ತೆ.

ತಪ್ಪಿದ ಮೇಲೂ ದಾರಿ ಸಿಗಬಹುದು. ಚನ್ನರಾಯಪಟ್ಟಣದ ಕಡೆ ಬಂದವನಿಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿ ಕಾಣ್ತಾನೆ. ಹೊಳೆನರಸೀಪುರದ ಕಡೆ ಹೋದವನಿಗೆ ಹೇಮಾವತಿ ಮತ್ತು ಮೈಸೂರು ರೈಲು ಕಂಬಿ. ಅರಕಲಗೂಡಿನ ದಕ್ಷಿಣಕ್ಕೆ ಹೋದರೆ ರಾಮನಾಥಪುರದ ಕಾವೇರಿ. ಮ್ಯಾಪ್ ಇಟ್ಟುಕೊಂಡು ಇದನ್ನ ಗುರುತು ಹಾಕುವಾಗ ನಮ್ಮೂರನ್ನ ನಾವೇ ಮೊದಲ ಸಲ ಮೇಲಿಂದ ನೋಡಿದ ಹಾಗೆ ಆಯ್ತು.

ಇಳಿಯೋದು ಇನ್ನೊಂದು ಕಥೆ. ಮೈದಾನದ ಮೇಲೆ ಒಂದು ಸುತ್ತು ಹಾಕಿ ಗಾಳಿ ಚೀಲ ಎತ್ತ ಕಡೆ ಉಬ್ಬಿದೆ ನೋಡಬೇಕು. ಚೀಲ ಇಲ್ಲದಿದ್ದರೆ ಹೊಗೆ, ಧೂಳು. ದನ ಮೇಯ್ತಿದೆಯಾ ನೋಡಬೇಕು. ಆಮೇಲೆ ಗಾಳಿಗೆ ಎದುರಾಗಿ ಇಳಿಸಬೇಕು. ಜುಹೂ ಅಂತೂ ಸಮುದ್ರದ ಪಕ್ಕದ ಕೆಸರು ಮೈದಾನ, ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಆಗ ಇಡೀ ಕಂಪನಿ ಪುಣೆಗೆ ಹೋಗಿ ಅಲ್ಲಿಂದ ಹಾರಿಸ್ತಿತ್ತು. ಹೀಗಿದ್ದೂ ಮೊದಲ ವರ್ಷ 1,60,000 ಮೈಲಿ ಹಾರಾಟ, 155 ಪ್ರಯಾಣಿಕರು, ಸುಮಾರು 10 ಟನ್ ಟಪಾಲು. ಸಮಯಪಾಲನೆಗೆ ಸರ್ಕಾರದ ಇಲಾಖೆಯೇ ಹೊಗಳಿತು.

ಇವತ್ತು ಟವರ್ ಇಲ್ಲದ ನಿಲ್ದಾಣಕ್ಕೆ ಹೋಗೋ ಪೈಲಟ್ ಹತ್ತಿರ ರೇಡಿಯೋ ಇದೆ, ಜಿಪಿಎಸ್ ಇದೆ. ಆದರೆ ಅನುಮತಿ ಕೊಡೋರು ಯಾರೂ ಇಲ್ಲ. ಅಲ್ಲಿ ಎಲ್ಲರಿಗೂ ಒಂದೇ ಫ್ರೀಕ್ವೆನ್ಸಿ. ತಾನು ಎಲ್ಲಿದ್ದೇನೆ, ಎಷ್ಟು ಎತ್ತರ, ಯಾವ ರನ್‌ವೇಗೆ ಇಳೀತೀನಿ ಅಂತ ಪ್ರತಿಯೊಬ್ಬ ಪೈಲಟ್ ತಾನೇ ಹೇಳ್ತಾ ಬರಬೇಕು. ಬೇರೆಯವರು ಹೇಳಿದ್ದನ್ನ ಕೇಳಿಸ್ಕೋಬೇಕು, ಕಣ್ಣಲ್ಲಿ ಹುಡುಕಬೇಕು. ಒಬ್ಬ ತಪ್ಪು ಜಾಗ ಹೇಳಿದರೆ, ಅಥವಾ ಹೇಳದೆ ಸುಮ್ಮನಿದ್ದರೆ, ಅಪಾಯ ಅವನೊಬ್ಬನಿಗೇ ಅಲ್ಲ.

ಜೆ.ಆರ್.ಡಿ. 1938ರಲ್ಲಿ, 34ನೇ ವಯಸ್ಸಿಗೆ, ಟಾಟಾ ಸಂಸ್ಥೆಯ ಅಧ್ಯಕ್ಷರಾದರು. ಜೊತೆಗಾರ ವಿನ್ಸೆಂಟ್ 1942ರಲ್ಲಿ, ಯುದ್ಧದ ಸಮಯದಲ್ಲಿ, ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ವಿಮಾನ ಸಮೇತ ಕಣ್ಮರೆಯಾದರು. ಬಳ್ಳಾರಿಯನ್ನ 1930ರ ದಶಕದಲ್ಲೇ ಹಾದಿಯಿಂದ ಬಿಟ್ಟು ಹೈದರಾಬಾದ್ ಮೂಲಕ ಹೋಗೋಕೆ ಶುರು ಮಾಡಿದ್ದರು. ಸಣ್ಣ ಊರಿಗೆ ವಿಮಾನ ಬರೋದಷ್ಟೇ ಅಲ್ಲ, ಬಂದದ್ದು ಉಳಿಯೋದೂ ಕಷ್ಟ ಅನ್ನೋದು ಅವತ್ತಿನ ಕಥೆಯೂ ಹೌದು. 1946ರಲ್ಲಿ ಕಂಪನಿಯ ಹೆಸರು ಏರ್ ಇಂಡಿಯಾ ಆಯ್ತು. 1948ರ ಜೂನ್ 8ರಂದು ಮುಂಬೈನಿಂದ ಲಂಡನ್‌ಗೆ ಹಾರಾಟ ಶುರು. 1953ರಲ್ಲಿ ಸರ್ಕಾರ ರಾಷ್ಟ್ರೀಕರಣ ಮಾಡಿತು. ಜೆ.ಆರ್.ಡಿ.ಗೆ ಅದು ಇಷ್ಟ ಇರಲಿಲ್ಲ. ಆದರೂ ಅಧ್ಯಕ್ಷರಾಗಿ ಉಳಿದು, ಸಂಬಳ ತಗೊಳ್ಳದೆ 25 ವರ್ಷ ದುಡಿದರು. ವಿಮಾನದಲ್ಲಿ ಕೂತಾಗ ಟೀ ಬಣ್ಣದಿಂದ ಹಿಡಿದು ಟಾಯ್ಲೆಟ್‌ವರೆಗೆ ಎಲ್ಲಾ ನೋಡಿ ಬರೆದಿಡ್ತಿದ್ದರು. 1978ರಲ್ಲಿ ಸರ್ಕಾರ ಅವರನ್ನ ತೆಗೆಯಿತು. ಆ ಸುದ್ದಿ ಅವರಿಗೆ ಗೊತ್ತಾಗಿದ್ದು ಅವರ ಜಾಗಕ್ಕೆ ಬರುವವರಿಂದ.

ಕೋಪ ಮಾಡಿಕೊಂಡು ಮನೆಯಲ್ಲಿ ಕೂರಬಹುದಿತ್ತು. 1982ರ ಅಕ್ಟೋಬರ್‌ನಲ್ಲಿ, 50 ವರ್ಷ ತುಂಬಿದಾಗ, ಅವರು ಕರಾಚಿಗೆ ಹೋಗಿ ಹಳೇ ಲೆಪರ್ಡ್ ಮಾತ್ ವಿಮಾನವನ್ನ ಅದೇ ಹಾದಿಯಲ್ಲಿ ಮುಂಬೈಗೆ ತಂದು ಇಳಿಸಿದರು. ವಯಸ್ಸು 78! 1992ರಲ್ಲಿ ಭಾರತ ರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. 2022ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಕೈಗೆ ಬಂತು, ಅದನ್ನ ನೋಡೋಕೆ ಅವರಿರಲಿಲ್ಲ.

ನಮ್ಮ ಜಿಲ್ಲೆಯವರೂ ಈ ಸಾಲಿನಲ್ಲಿ ಇದ್ದಾರೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಏರ್ ಡೆಕ್ಕನ್‌ನ ಮೊದಲ ವಿಮಾನ ಹಾರಿಸಿದರು. ಸಣ್ಣ ಊರು, ಕಡಿಮೆ ಟಿಕೆಟ್. ಆಗ ನಾವಿನ್ನೂ ಹುಟ್ಟಿರಲಿಲ್ಲ.

ಕೊನೆಗೆ ಒಂದು ಸ್ವಂತ ವಿಷಯ. ನಮ್ಮ ನಾಲ್ವರಲ್ಲಿ ಒಬ್ಬನಿಗೆ ಮ್ಯಾಥ್ಸ್ ಬ್ಯಾಕ್ ಇದೆ. ಎರಡು ತಿಂಗಳಿಂದ ಮನೆಯಲ್ಲಿ ಹೇಳಿರಲಿಲ್ಲ, ಎಲ್ಲಾ ಪಾಸ್ ಅಂದಿದ್ದ. ಉಳಿದ ಮೂವರಿಗೂ ಗೊತ್ತಿತ್ತು, ನಾವೂ ಅವನ ಪರ ಸುಳ್ಳು ಹೇಳಿದ್ದೆವು. ಈ ಲೇಖನಕ್ಕೆ ಟವರ್ ಇಲ್ಲದ ನಿಲ್ದಾಣದ ಪ್ಯಾರಾ ಬರೆದಿದ್ದು ಅವನೇ. ಬರೆದು ಮುಗಿಸಿದ ಸಂಜೆ ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ಮನೆಗೆ ಫೋನ್ ಮಾಡಿದ. ನಾವು ಸ್ವಲ್ಪ ದೂರ ನಿಂತಿದ್ದೆವು. ಅಪ್ಪ ಬೈದರಂತೆ, ಆಮೇಲೆ ಊಟ ಆಯ್ತಾ ಕೇಳಿದರಂತೆ. ಈಗ ಭಾನುವಾರ ನಾಲ್ವರೂ ಕೂತು ಅವನಿಗೆ ಮ್ಯಾಥ್ಸ್ ಹೇಳಿಕೊಡ್ತಿದ್ದೀವಿ. ವೆಕ್ಟರ್ ಮಾತ್ರ ಅವನೇ ನಮಗೆ ಹೇಳಿಕೊಡ್ತಾನೆ.

ಬೂವನಹಳ್ಳಿಗೆ ಮೊದಲ ವಿಮಾನ ಬಂದ ದಿನ ನಾವು ನಾಲ್ವರೂ ಬೇಲಿ ಹತ್ತಿರ ಇರ್ತೀವಿ. ನೀವೂ ಬನ್ನಿ.