ಪ್ಯಾಟ್ರಿಕ್ ರಸೆಲ್

ಪ್ಯಾಟ್ರಿಕ್ ರಸೆಲ್ (ನಿಧನ: ೨ ಜುಲೈ ೧೮೦೫, ಲಂಡನ್) ಸ್ಕಾಟ್ಲೆಂಡಿನ ವೈದ್ಯರು ಹಾಗೂ ನಿಸರ್ಗಶಾಸ್ತ್ರಜ್ಞರು. ಭಾರತದ ಹಾವುಗಳ ಶಾಸ್ತ್ರೀಯ ಅಧ್ಯಯನಕ್ಕೆ ತಳಹದಿ ಹಾಕಿದವರೆಂದು ಪ್ರಸಿದ್ಧರು. ಕೊಳಕುಮಂಡಲದ ವೈಜ್ಞಾನಿಕ ನಾಮವಾದ ಡಬೋಯಾ ರಸೆಲಿ ಇವರ ಹೆಸರಿನಿಂದಲೇ ಬಂದಿದೆ.

ಜೀವನ

ಎಡಿನ್‌ಬರೋದಲ್ಲಿ ಜನಿಸಿ ಅಲ್ಲಿಯೇ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ ರಸೆಲ್, ೧೭೫೦ರಲ್ಲಿ ಸಿರಿಯಾದ ಅಲೆಪ್ಪೊ ನಗರದಲ್ಲಿ ವೈದ್ಯರಾಗಿದ್ದ ಅಣ್ಣ ಅಲೆಕ್ಸಾಂಡರ್ ಅವರನ್ನು ಸೇರಿಕೊಂಡರು. ಮುಂದೆ ಆ ಸ್ಥಾನಕ್ಕೆ ತಾವೇ ಬಂದರು. ಅಲ್ಲಿ ಕಂಡ ಪ್ಲೇಗಿನ ಬಗ್ಗೆ ೧೭೯೧ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ತಮ್ಮ ಕ್ಲಾಡ್ ವಿಶಾಖಪಟ್ಟಣದ ಆಡಳಿತಕ್ಕೆ ನೇಮಕಗೊಂಡಾಗ, ೧೭೮೧ರಲ್ಲಿ, ಅವರೊಡನೆ ಭಾರತಕ್ಕೆ ಬಂದರು. ೧೭೮೫ರಲ್ಲಿ ಕೋನಿಗ್ ಅವರ ಮರಣಾನಂತರ ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗಶಾಸ್ತ್ರಜ್ಞರಾದರು.

ಹಾವುಗಳ ಅಧ್ಯಯನ

ಹಾವು ಕಚ್ಚಿ ಸಾಯುವವರನ್ನು ಕಂಡ ರಸೆಲ್, ವಿಷದ ಹಾವು ಯಾವುದು, ನಿರ್ವಿಷವಾದುದು ಯಾವುದು ಎಂಬುದನ್ನು ಜನಸಾಮಾನ್ಯರೂ ಗುರುತಿಸುವಂತಾಗಬೇಕೆಂದು ಬಯಸಿದರು. ನಾಯಿ, ಕೋಳಿಗಳ ಮೇಲೆ ವಿಷವನ್ನು ಪ್ರಯೋಗಿಸಿದರು. ಹಾವಿನ ಕಡಿತಕ್ಕೆ ಮದ್ದೆಂದು ಹೆಸರಾಗಿದ್ದ ತಂಜಾವೂರು ಗುಳಿಗೆಯನ್ನೂ ಪರೀಕ್ಷೆಗೆ ಒಳಪಡಿಸಿದರು. ಕೋರಮಂಡಲ ತೀರದ ಹಾವುಗಳನ್ನು ಕುರಿತ ಇವರ ಸಚಿತ್ರ ಗ್ರಂಥ ೧೭೯೬ರಲ್ಲಿ ಹೊರಬಂದಿತು. ತೆಲುಗರು ಕಾಟುಕ ರೇಕುಲ ಪೊಡ ಎನ್ನುತ್ತಿದ್ದ ಹಾವನ್ನು ಅದರಲ್ಲಿ ಅಪಾಯದಲ್ಲಿ ನಾಗರಹಾವಿಗೆ ಮಾತ್ರ ಎರಡನೆಯದು ಎಂಬಂತೆ ವರ್ಣಿಸಿದ್ದಾರೆ. ಅದುವೇ ನಮ್ಮ ಕೊಳಕುಮಂಡಲ. ಹಿರಿಯೂರು, ಹೊಸದುರ್ಗದ ಹೊಲಗಳಲ್ಲಿ, ಹೊಳಲ್ಕೆರೆಯ ತೋಟಗಳಲ್ಲಿ ದುಡಿಯುವವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಆದರೂ ಹೆಬ್ಬಾವಿನ ಮರಿಯೆಂದು ಭ್ರಮಿಸಿ ಕೈಹಾಕುವವರು ಇಂದಿಗೂ ಉಂಟು.

ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳು

ಈ ಹಾವಿನ ವಿಷವು ರಕ್ತದಲ್ಲಿನ ಹತ್ತನೆಯ ಮತ್ತು ಐದನೆಯ ಹೆಪ್ಪುಕಾರಕ ಅಂಶಗಳನ್ನು ನೇರವಾಗಿ ಪ್ರಚೋದಿಸುತ್ತದೆ. ಪರಿಣಾಮವಾಗಿ ಫೈಬ್ರಿನೋಜನ್ ವ್ಯಯವಾಗಿ, ಕೊನೆಗೆ ರಕ್ತ ಹೆಪ್ಪುಗಟ್ಟುವುದೇ ನಿಂತುಹೋಗುತ್ತದೆ. ಕಡಿತಕ್ಕೊಳಗಾದವರ ಸುಮಾರು ೨ ಮಿಲಿಲೀಟರ್ ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ನಳಿಕೆಯಲ್ಲಿ ೨೦ ನಿಮಿಷ ಅಲುಗಿಸದೆ ಇಟ್ಟು ಓರೆಮಾಡಿ ನೋಡುವ ಪರೀಕ್ಷೆಯನ್ನು ಸಣ್ಣ ಆಸ್ಪತ್ರೆಯಲ್ಲಿಯೂ ಮಾಡಬಹುದು. ರಕ್ತ ದ್ರವವಾಗಿಯೇ ಹರಿದರೆ ವಿಷವೇರಿದೆ ಎಂದರ್ಥ. ನಳಿಕೆ ಪ್ಲಾಸ್ಟಿಕ್ಕಿನದಾಗಿರಬಾರದು. ವಾರ್ಫರಿನ್ ಎಂಬ ಹೆಪ್ಪುರೋಧಕ ಔಷಧ ಕೆಲಸಮಾಡುವ ಬಗೆ ಬೇರೆ. ಅದು ಕೆ ಜೀವಸತ್ವವನ್ನು ಅವಲಂಬಿಸಿದ ಅಂಶಗಳ ತಯಾರಿಕೆಗೆ ಅಡ್ಡಿಪಡಿಸುತ್ತದೆ. ಆದುದರಿಂದ ವಾರ್ಫರಿನ್ ಹೆಚ್ಚಾದಾಗ ನೆರವಾಗುವ ಕೆ ಜೀವಸತ್ವ, ಕೊಳಕುಮಂಡಲದ ಕಡಿತಕ್ಕೆ ಉಪಯೋಗವಿಲ್ಲ. ಅಲ್ಲಿ ಬೇಕಾದುದು ಪ್ರತಿವಿಷ.

೧೯೩೪ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್, ಬಹಳ ತೆಳುಗೊಳಿಸಿದ ಇದೇ ವಿಷವು ಹೀಮೋಫಿಲಿಯಾ ರೋಗಿಗಳ ರಕ್ತವನ್ನೂ ಹೆಪ್ಪುಗಟ್ಟಿಸುವುದೆಂದು ತೋರಿಸಿದರು. ಲೂಪಸ್ ಪ್ರತಿಹೆಪ್ಪುಕವನ್ನು ಪತ್ತೆಹಚ್ಚಲು ಪ್ರಯೋಗಾಲಯಗಳು ಇಂದು ಬಳಸುವ ಪರೀಕ್ಷೆಯೊಂದು ರಸೆಲ್ ಮಂಡಲದ ವಿಷದ ಹೆಸರನ್ನೇ ಹೊತ್ತಿದೆ.